ಕ್ರೌಂಚದ್ವೀಪದಲ್ಲಿ ಹೇಳಿದ ಎರಡು ಹೆಸರು

“ನಾವು ಊರಲ್ಲೇ ಇದ್ದಿದ್ರೆ ಹೀಗಾಗ್ತಿರ್ಲಿಲ್ಲ.”

ಅಮ್ಮ ಈ ಮಾತನ್ನು ಜಗಳದ ನಡುವೆ ಹೇಳುವುದಿಲ್ಲ. ಹಾಗೆ ಹೇಳಿದ್ದರೆ ನಾನೂ ಏನಾದರೂ ಎದುರಾಡಿ ಅಲ್ಲಿಗೇ ಮರೆಯುತ್ತಿದ್ದೆ. ಹುಳಿಗೆ ಒಗ್ಗರಣೆ ಹಾಕಿ ಮುಚ್ಚಳ ಮುಚ್ಚುವಾಗ, ಕಾರು ಸಿಗ್ನಲ್‌ನಲ್ಲಿ ನಿಂತಾಗ, ಹಿಂದುಮುಂದಿಲ್ಲದೆ ಹೇಳಿಬಿಡುತ್ತಾಳೆ. ಊರು ಅಂದರೆ ಹಾಸನ. ಹೀಗೆ ಅಂದರೆ ನಾನು. ಬಂದ ಜಾತಕಗಳನ್ನೆಲ್ಲ ಬೇಡವೆಂದ, ಒಬ್ಬ ಗಂಡಸನ್ನು ಪ್ರೀತಿಸಿ ಅವನ ಜೊತೆ ಮನೆ ಮಾಡಿಕೊಂಡಿರುವ ಅವಳ ಒಬ್ಬನೇ ಮಗ. ಆ ಮಾತಿನಲ್ಲಿ ನನ್ನ ಮೇಲೆ ಸಿಟ್ಟಿಗಿಂತ ತನ್ನ ಮೇಲೇ ಹೊರೆಸಿಕೊಂಡ ಅಪರಾಧವೇ ಹೆಚ್ಚು. ಮಗನನ್ನು ಈ ದೇಶಕ್ಕೆ ಕರೆತಂದವರು ತಾವು, ಆದ್ದರಿಂದ ಹೊಣೆಯೂ ತಮ್ಮದೇ ಎಂಬುದು ಅವಳ ಲೆಕ್ಕ. ಅಜ್ಜಿಯ ಕೊನೆಗಾಲಕ್ಕೆ ವೀಸಾ ತೊಡಕಿನಿಂದ ಹೋಗಲಾಗಲಿಲ್ಲ, ಓದಿದ ಓದಿಗೆ ತಕ್ಕ ಕೆಲಸ ಸಿಗಲಿಲ್ಲ, ತಮ್ಮಂದಿರ ಮಕ್ಕಳು ಕಣ್ಣೆದುರು ಬೆಳೆಯಲಿಲ್ಲ. ಅಮೆರಿಕಕ್ಕೆ ತೆತ್ತ ಬೆಲೆಯ ಈ ಪಟ್ಟಿಯಲ್ಲಿ ಕೊನೆಗೆ ನಾನೂ ಸೇರಿಕೊಂಡಿದ್ದೇನೆ. ತಾಯಿಯ ನಷ್ಟಗಳಲ್ಲಿ ತಾನೂ ಒಂದಾಗಿರುವುದು ಯಾವ ಮಗನಿಗೂ ಹಗುರವಲ್ಲ. ಅದಕ್ಕೇ ಅವಳ ಆ ಮಾತನ್ನು ತಳ್ಳಿಹಾಕದೆ, ಪೂರ್ತಿಯಾಗಿ ಎದುರಿಗಿಟ್ಟುಕೊಂಡು ಯೋಚಿಸಬೇಕು ಅನ್ನಿಸಿದೆ.

ಇಬ್ಬರಿಗೂ ಒಂದೇ ಬಾಗಿಲು

ಅಪ್ಪ ಬಂದದ್ದು ವೈಟುಕೆ ಕಾಲದಲ್ಲಿ. 2000ನೇ ಇಸವಿ ಹುಟ್ಟಿದ ಕೂಡಲೇ ಕಂಪ್ಯೂಟರುಗಳೆಲ್ಲ ದಿನಾಂಕ ತಪ್ಪುತ್ತವೆ ಎಂಬ ಭಯದಲ್ಲಿ ಇಲ್ಲಿನ ಕಂಪನಿಗಳು ಬೆಂಗಳೂರಿನಿಂದ ಎಂಜಿನಿಯರುಗಳನ್ನು ತುಂಬಿಕೊಂಡ ಕಾಲವದು. ಎಚ್-1ಬಿ ಎಂಬ ನೌಕರಿ ವೀಸಾದಲ್ಲಿ ಅಪ್ಪ ಮೊದಲು ಬಂದರು, ಆಮೇಲೆ ಅಂಥವರ ಹೆಂಡತಿ-ಮಕ್ಕಳಿಗೆ ಸಿಗುವ ಎಚ್-4ರಲ್ಲಿ ಅಮ್ಮ ಮತ್ತು ಪ್ರೈಮರಿ ಸ್ಕೂಲಿನ ಹುಡುಗನಾಗಿದ್ದ ನಾನು. ಸನಿವೇಲ್‌ನ ಅಪಾರ್ಟ್‌ಮೆಂಟಿಗೆ ಬಂದಾಗ ನನ್ನ ಚೀಲದಲ್ಲಿ ಮೂರನೇ ತರಗತಿಯ ಕನ್ನಡ ಪಠ್ಯಪುಸ್ತಕವಿತ್ತು. ಅಮ್ಮ ಅದನ್ನು ಮುಗಿಸಿ, ಮುಂದಿನ ತರಗತಿಯದನ್ನು ಊರಿಂದ ತರಿಸಿ, ಹೀಗೇ ಹತ್ತನೆಯವರೆಗೂ ಓದಿಸಿದಳು. ಇವತ್ತು ನಾನು ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದರೆ ಅದು ಅವಳ ಹಟದ ಫಲ.

ಎಚ್-1ಬಿ ಎಂಬ ವೀಸಾ ಹುಟ್ಟಿದ್ದು 1990ರ ವಲಸೆ ಕಾಯ್ದೆಯಲ್ಲಿ. ಆ ವರ್ಷದ ನವೆಂಬರ್ 29ರಂದು ಹಿರಿಯ ಬುಷ್ ಅದಕ್ಕೆ ಸಹಿ ಹಾಕಿದರು. ಅದೇ ಕಾಯ್ದೆ ಇನ್ನೊಂದು ಕೆಲಸವನ್ನೂ ಮಾಡಿತು ಎಂದು ನನಗೆ ತಿಳಿದದ್ದು ಕಾಲೇಜಿನಲ್ಲಿ. ಸಲಿಂಗಿಗಳು ಅಮೆರಿಕದೊಳಗೆ ಕಾಲಿಡಬಾರದೆಂದು ಅಲ್ಲಿಯವರೆಗೆ ಇದ್ದ ನಿಷೇಧವನ್ನು ತೆಗೆದುಹಾಕಿದ್ದೂ ಅದೇ. ಅದಕ್ಕೂ ಹಿಂದೆ, 1965ರ ಕಾಯ್ದೆಯಿಂದ ಭಾರತೀಯರಿಗೆ ಈ ದೇಶದ ಬಾಗಿಲು ತೆರೆಯಿತು ಎಂದು ನಮ್ಮ ಕನ್ನಡ ಕೂಟಗಳ ಭಾಷಣಗಳಲ್ಲಿ ಕೃತಜ್ಞತೆಯಿಂದ ಹೇಳುವುದನ್ನು ಕೇಳಿದ್ದೇನೆ. ಆ ಕಾಯ್ದೆಯೇ ಪ್ರವೇಶ ನಿರಾಕರಿಸಬೇಕಾದವರ ಪಟ್ಟಿಗೆ ‘ಲೈಂಗಿಕ ವಿಕೃತಿ’ಯನ್ನು ಸೇರಿಸಿ ನನ್ನಂಥವರಿಗೆ ಬಾಗಿಲನ್ನು ಇನ್ನೂ ಬಿಗಿ ಮಾಡಿತ್ತು. ಅಂದರೆ ಕಾಲು ಶತಮಾನ ಅಪ್ಪನಂಥವರು ಬರಬಹುದಿತ್ತು, ನಾನು ಬರುವಂತಿರಲಿಲ್ಲ. 1990ರಲ್ಲಿ ಇಬ್ಬರಿಗೂ ಒಂದೇ ಬಾಗಿಲು ಆಯಿತು. ಇದನ್ನು ಓದಿದ ರಾತ್ರಿ ಅಪ್ಪನಿಗೆ ಫೋನ್ ಮಾಡಿ ಹೇಳಬೇಕು ಎಂದು ಕೈ ತುಡಿಯಿತು. ಆಗಿನ್ನೂ ಅವರಿಗೆ ನನ್ನ ವಿಷಯ ಗೊತ್ತಿರಲಿಲ್ಲ. ಫೋನ್ ಮಾಡಿ ಊಟ ಆಯಿತಾ ಎಂದು ಕೇಳಿ ಇಟ್ಟುಬಿಟ್ಟೆ.

ಹಾಗಾದರೆ ಇದು ಅಮೆರಿಕ ಹಚ್ಚಿದ್ದೇ? ಊರು ಬಿಡುವ ಮೊದಲೇ ನಾನು ಉಳಿದ ಹುಡುಗರಂತಲ್ಲ ಎಂಬ ಅರಿವು ನನಗಿತ್ತು, ಹೆಸರು ಮಾತ್ರ ಇರಲಿಲ್ಲ. ಅಪ್ಪ ಈ ಸಿಲಿಕಾನ್ ಕಣಿವೆಗೆ ಬರುವುದಕ್ಕೂ ಮೊದಲೇ, 1986ರಲ್ಲಿ, ಅರವಿಂದ್ ಕುಮಾರ್ ಮತ್ತು ಸುವೀರ್ ದಾಸ್ ಎಂಬಿಬ್ಬರು ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದಲ್ಲಿ ದಕ್ಷಿಣ ಏಷ್ಯಾದ ಸಲಿಂಗಿಗಳಿಗಾಗಿ ತ್ರಿಕೋಣ್ ಎಂಬ ಗುಂಪನ್ನು ಕಟ್ಟಿ ಪತ್ರಿಕೆ ತರುತ್ತಿದ್ದರು. ಅದು ಅಮೆರಿಕ ಎನ್ನೋಣ. ಬೆಂಗಳೂರಿನಲ್ಲೇ 1994ರಿಂದ ಗುಡ್ ಆ್ಯಸ್ ಯು ಗುಂಪಿನವರು ಸೇರುತ್ತಿದ್ದರು. 2008ರಿಂದ ಅಲ್ಲಿ ಹಾಡುಹಗಲಲ್ಲಿ ಮೆರವಣಿಗೆ ನಡೆಯುತ್ತಿದೆ. ನಾವು ಊರಲ್ಲೇ ಇದ್ದಿದ್ದರೆ ನಾನು ಹೀಗೇ ಇರುತ್ತಿದ್ದೆ. 1860ರಲ್ಲಿ ಬ್ರಿಟಿಷರು ಬರೆದಿಟ್ಟುಹೋದ, ಸಲಿಂಗಕಾಮವನ್ನು ಅಪರಾಧವೆಂದಿದ್ದ 377ನೇ ಕಲಮಿನ ಅಡಿ ಅಪರಾಧಿಯೂ ಆಗಿರುತ್ತಿದ್ದೆ, ಅಷ್ಟೇ ವ್ಯತ್ಯಾಸ.

ಆ ಕಲಮು ಬಿದ್ದ ರಾತ್ರಿ ನಾನು ಅಪ್ಪ-ಅಮ್ಮನ ಮನೆಯಲ್ಲಿದ್ದೆ. ಊರಲ್ಲಿ 2018ರ ಸೆಪ್ಟೆಂಬರ್ 6ರ ಬೆಳಗ್ಗೆ, ಇಲ್ಲಿ ಇನ್ನೂ 5ರ ರಾತ್ರಿ. ಅದಕ್ಕೂ ಕೆಲವು ತಿಂಗಳ ಹಿಂದೆ ಇಬ್ಬರಿಗೂ ಹೇಳಿದ್ದೆ. ಅಪ್ಪ ಎದ್ದು ಗರಾಜಿಗೆ ಹೋಗಿದ್ದರು, ಅಮ್ಮ ಅತ್ತಿದ್ದಳು, ಆಮೇಲೆ ಮನೆಯಲ್ಲಿ ಆ ಮಾತೇ ಏಳದಂತೆ ಮೂವರೂ ನೋಡಿಕೊಂಡಿದ್ದೆವು. ಅಪ್ಪ ಮಲಗಿದ್ದರು. ಅಮ್ಮ ರಾತ್ರಿ ಹೊತ್ತು ಕನ್ನಡ ನ್ಯೂಸ್ ಚಾನೆಲ್ ಹಾಕಿಕೊಂಡು ಮರುದಿನದ ಬೀನ್ಸ್ ಹೆಚ್ಚುತ್ತಾಳೆ, ಅದು ಅವಳ ಅಭ್ಯಾಸ. ಸುಪ್ರೀಂ ಕೋರ್ಟಿನ ತೀರ್ಪು ಬಂತು. ಐವರು ನ್ಯಾಯಮೂರ್ತಿಗಳೂ ಒಂದೇ ಮಾತು. ಬಣ್ಣದ ಬಾವುಟ ಹಿಡಿದು ಅಳುತ್ತಾ ಅಪ್ಪಿಕೊಂಡವರನ್ನು ತೋರಿಸಿದರು. ಕನ್ನಡದಲ್ಲಿ ಮಾತಾಡುವ, ನನ್ನ ಕಸಿನ್‌ಗಳಂತೆಯೇ ಕಾಣುವ ಹುಡುಗ ಹುಡುಗಿಯರು ಮೈಕಿನ ಮುಂದೆ ನಗುತ್ತಿದ್ದರು. ನಾನು ಸೋಫಾದ ತುದಿಯಲ್ಲಿ ಕೂತು ಉಸಿರು ಬಿಗಿ ಹಿಡಿದಿದ್ದೆ. ಅಮ್ಮ ಚಾಕು ಕೆಳಗಿಟ್ಟು ಬಹಳ ಹೊತ್ತು ಟಿವಿಯನ್ನೇ ನೋಡಿದಳು. ಆಮೇಲೆ ಕೇಳಿದಳು, “ಅಲ್ಲೂ ಒಪ್ಪಿಬಿಟ್ರಾ?”

ಆ ದನಿಯಲ್ಲಿ ಸಂತೋಷವಿರಲಿಲ್ಲ, ಸಿಟ್ಟೂ ಇರಲಿಲ್ಲ. ಮರಳಿ ಹೋಗಬಹುದಾದ ಒಂದು ಜಾಗವಿದೆ, ಅಲ್ಲಿ ಎಲ್ಲವೂ ತಾನು ಬಿಟ್ಟುಬಂದ ಹಾಗೇ ಇದೆ ಎಂಬ ನಂಬಿಕೆಯ ಮೇಲೆ ಅವಳು ಇಲ್ಲಿ ಅಷ್ಟು ವರ್ಷ ಕಳೆದಿದ್ದಳು. ಅವಳ ಹಾಸನ ಅವಳು ವಿಮಾನ ಹತ್ತಿದ ದಿನಕ್ಕೇ ನಿಂತಿತ್ತು. ಆ ರಾತ್ರಿ ಊರು ಅವಳನ್ನು ಕೇಳದೆಯೇ ಮುಂದೆ ನಡೆದಿತ್ತು. ನನ್ನ ಸಂತೋಷವನ್ನು ಅವಳ ಮುಂದೆ ತೋರಿಸಲಿಕ್ಕೆ ನನಗೆ ಆಗಲಿಲ್ಲ. “ಹೂಂ ಅಮ್ಮ” ಎಂದೆ. “ಸರಿ, ಮಲ್ಕೋ ಹೋಗು, ನಾಳೆ ಆಫೀಸಿದೆಯಲ್ಲ” ಎಂದಳು.

(2023ರ ಅಕ್ಟೋಬರ್ 17ರಂದು ಅದೇ ಸುಪ್ರೀಂ ಕೋರ್ಟು ಸಲಿಂಗಿಗಳ ಮದುವೆಗೆ ಮಾನ್ಯತೆ ಕೊಡಲು ನಿರಾಕರಿಸಿದಾಗ ಅಪ್ಪ ಆ ಸುದ್ದಿಯ ಲಿಂಕನ್ನು ನನಗೆ ಕಳಿಸಿದರು, ಒಂದಕ್ಷರವೂ ಬರೆಯದೆ. ನಾನೂ ಉತ್ತರಿಸಲಿಲ್ಲ.)

ಕಾಶ್ಯಪ ಗೋತ್ರ

ಸಂಪ್ರದಾಯ ಒಂದು ಕಡೆ, ನಾನು ಇನ್ನೊಂದು ಕಡೆ ಎಂದು ಜನ ಸುಲಭವಾಗಿ ಹೇಳಿಬಿಡುತ್ತಾರೆ. ನನ್ನ ಗೆಳೆಯರಲ್ಲಿ ಹಲವರು ಹಾಗೆಯೇ ತೀರ್ಮಾನಿಸಿ ದೇವರಮನೆಗೆ ಬೆನ್ನು ಹಾಕಿದ್ದಾರೆ. ಅವರ ನೋವು ನನಗೆ ಅರ್ಥವಾಗುತ್ತದೆ. ಆದರೆ ನನಗೆ ಗೌರಿ-ಗಣೇಶ ಬೇಕು. ಬೆಳಗ್ಗೆ ಅಮ್ಮ ಹೇಳುವ ದೇವರನಾಮ ಬೇಕು, ಅಜ್ಜಿಯ ಕಾಲದ ಪಂಚಪಾತ್ರೆ-ಉದ್ಧರಣೆ ಬೇಕು. (ಗೋತ್ರ, ಸಂಕಲ್ಪಗಳೆಲ್ಲ ಎಲ್ಲ ಕನ್ನಡಿಗರ ಮನೆಯ ಮಾತಲ್ಲ, ಇವುಗಳಿಂದಲೇ ಹೊರಗಿಡಲ್ಪಟ್ಟವರು ಎಷ್ಟೋ ಜನರಿದ್ದಾರೆ ಎಂಬುದನ್ನು ಬಲ್ಲೆ. ನಾನು ಹುಟ್ಟಿದ ಮನೆ ಇದಾದ್ದರಿಂದ ಇದರೊಳಗಿಂದಲೇ ಮಾತಾಡುತ್ತಿದ್ದೇನೆ.)

ಇಲ್ಲಿನ ಪೂಜೆಗಳಲ್ಲಿ ಸಂಕಲ್ಪವನ್ನು ಗಮನವಿಟ್ಟು ಕೇಳಿದ್ದೀರಾ? ಊರಲ್ಲಿ ಪುರೋಹಿತರು ಜಂಬೂದ್ವೀಪೇ, ಭರತವರ್ಷೇ, ಭರತಖಂಡೇ, ಗೋದಾವರ್ಯಾಃ ದಕ್ಷಿಣೇ ತೀರೇ ಎನ್ನುತ್ತಾರೆ. ಇಲ್ಲಿ ಅದೇ ಜಾಗದಲ್ಲಿ ಕ್ರೌಂಚದ್ವೀಪೇ, ರಮಣಕವರ್ಷೇ, ಐಂದ್ರಖಂಡೇ ಎನ್ನುತ್ತಾರೆ. ನಾವು ನಿಂತ ನೆಲ ಯಾವುದೆಂದು ದೇವರಿಗೆ ತಿಳಿಸುವ ಸಾಲನ್ನೇ ಯಾರೋ ಕೂತು ಯೋಚಿಸಿ, ಪುರಾಣದ ಭೂಗೋಳದಲ್ಲಿ ಅಮೆರಿಕಕ್ಕೊಂದು ಸ್ಥಾನ ಹುಡುಕಿ ಬದಲಿಸಿದ್ದಾರೆ. ಅದರ ಹಿಂದಿನ ಪ್ರೀತಿಯನ್ನು ನೆನೆದರೆ ನನಗೆ ಗಂಟಲು ಕಟ್ಟುತ್ತದೆ. ದಿಕ್ಕು ತಪ್ಪಿದ ಮಕ್ಕಳ ಪ್ರಾರ್ಥನೆ ವಿಳಾಸ ತಪ್ಪಬಾರದೆಂಬ ಕಾಳಜಿ ಅದು. ಲಿವರ್‌ಮೋರಿನ ದೇವಸ್ಥಾನದಲ್ಲಿ ಶಿವನೂ ವಿಷ್ಣುವೂ ಒಂದೇ ಸೂರಿನ ಕೆಳಗಿದ್ದಾರೆ, ದಕ್ಷಿಣದ ಗೋಪುರದ ಪಕ್ಕ ಉತ್ತರದ ಶಿಖರವಿದೆ. ವಾರದ ನಡುವೆ ಬಂದ ಹಬ್ಬವನ್ನು ನಾವು ಶನಿವಾರ ಆಚರಿಸುತ್ತೇವೆ. ಗಣಪತಿಯನ್ನು ಹಿತ್ತಲಿನ ಬಕೆಟ್ಟಿನಲ್ಲಿ ಬಿಡುತ್ತೇವೆ. ಹೋಮಕ್ಕೆ ಮೊದಲು ಸ್ಮೋಕ್ ಅಲಾರಮ್ಮಿಗೆ ಪ್ಲಾಸ್ಟಿಕ್ ಸುತ್ತುತ್ತೇವೆ. ಅಷ್ಟೇಕೆ, ನಾವು ಇಲ್ಲಿಗೆ ಬಂದದ್ದೇ ಶಾಸ್ತ್ರಕ್ಕೆ ವಿರುದ್ಧ. ಹಡಗಿನಲ್ಲಿ ಸಮುದ್ರ ದಾಟಿದ ದ್ವಿಜನನ್ನು, ಅವನು ಪ್ರಾಯಶ್ಚಿತ್ತ ಮಾಡಿಕೊಂಡಿದ್ದರೂ, ಮತ್ತೆ ಸೇರಿಸಿಕೊಳ್ಳಬಾರದು ಎಂಬುದು ಕಲಿವರ್ಜ್ಯಗಳಲ್ಲೊಂದು, ಅಂದರೆ ಕಲಿಯುಗದಲ್ಲಿ ಮಾಡಬಾರದೆಂದು ಶಾಸ್ತ್ರ ಹೇಳಿದವುಗಳಲ್ಲೊಂದು. ಅಪ್ಪನನ್ನು ಯಾರೂ ಹೊರಗಿಡಲಿಲ್ಲ. ಊರಿಗೆ ಹೋದಾಗಲೆಲ್ಲ ಮಠದಲ್ಲಿ ಮೊದಲ ಪಂಕ್ತಿಯಲ್ಲೇ ಕೂರಿಸುತ್ತಾರೆ.

ಅಪ್ಪ-ಅಮ್ಮ ಸತ್ಯನಾರಾಯಣ ಪೂಜೆ ಇಟ್ಟುಕೊಂಡಿದ್ದ ದಿನ ನನ್ನ ಸಂಗಾತಿಯನ್ನೂ ಕರೆದುಕೊಂಡು ಬಾ ಎಂದು ಅಮ್ಮನೇ ಹೇಳಿದ್ದಳು. ಅದು ದೊಡ್ಡ ಹೆಜ್ಜೆ, ಅದನ್ನು ನಾನು ಕಡಿಮೆ ಮಾಡಿ ಹೇಳಲಾರೆ. ಅವನು ಡೇಲಿ ಸಿಟಿಯ ಫಿಲಿಪಿನೋ ಹುಡುಗ, ಕ್ಯಾಥೊಲಿಕ್ ಸಂತನೊಬ್ಬನ ಹೆಸರು ಇಟ್ಟುಕೊಂಡವನು. ನನ್ನ ಜುಬ್ಬಾ ಹಾಕಿಕೊಂಡು ಬಂದಿದ್ದ. ಬಾಗಿಲಲ್ಲೇ ಅಮ್ಮ ನಗುನಗುತ್ತಾ ಆಂಟಿಯರಿಗೆಲ್ಲ ಹೇಳಿದಳು, “ಇವನು ನಮ್ಮ ಮಗನ ರೂಮ್‌ಮೇಟು. ಪಾಪ, ಮನೆ ಊಟ ಮಾಡ್ಲಿ ಅಂತ ಕರೆದ್ವಿ.” ಅವನಿಗೆ ಕನ್ನಡ ಬಾರದು, ಆದರೆ ಒಂದು ಪದ ಸ್ಪಷ್ಟವಾಗಿ ಕೇಳಿಸಿತು. ನನ್ನ ಕಡೆ ತಿರುಗಿ ನೋಡಲಿಲ್ಲ, ಅದು ಅವನ ದೊಡ್ಡತನ.

ಅರ್ಚನೆಯ ಹೊತ್ತಿಗೆ ಪುರೋಹಿತರು ಬಂದವರೆಲ್ಲರ ಹೆಸರು, ಗೋತ್ರ, ನಕ್ಷತ್ರ ಕೇಳುತ್ತಾ ಬಂದರು. ನನ್ನದನ್ನು ಅಪ್ಪನೇ ಹೇಳಿದರು: ಭಾರದ್ವಾಜ ಗೋತ್ರ, ಅನೂರಾಧಾ ನಕ್ಷತ್ರ. ಮುಂದೆ ಅವನು. ಅಮ್ಮ “ಅವರಿಗೆ ಬೇಡ ಬಿಡಿ ಶಾಸ್ತ್ರಿಗಳೇ” ಎನ್ನುವಷ್ಟರಲ್ಲಿ ಪುರೋಹಿತರು ಇಂಗ್ಲಿಷಿನಲ್ಲಿ ಅವನ ಹೆಸರು ಕೇಳಿಯಾಗಿತ್ತು. ಆಮೇಲೆ ಅಮ್ಮನ ಕಡೆ ತಿರುಗಿ, “ಬೇಡ ಯಾಕಮ್ಮ? ಗೋತ್ರ ಗೊತ್ತಿಲ್ಲದೋರಿಗೆ ಕಾಶ್ಯಪ ಗೋತ್ರ ಇದ್ದೇ ಇದೆ. ನಕ್ಷತ್ರ ಹೆಸರಿನ ಮೊದಲನೇ ಅಕ್ಷರದಿಂದ ಹಿಡಿಯೋಣ” ಎಂದು, ಕಾಶ್ಯಪ ಗೋತ್ರೋದ್ಭವಸ್ಯ ಎಂದು ಶುರುಮಾಡಿ, ಆ ಸಂತನ ಹೆಸರನ್ನು ತಡವರಿಸದೆ ಹೇಳಿ, ಅವನ ಪರವಾಗಿಯೂ ಹೂವು ಹಾಕಿದರು. ಆಯುರಾರೋಗ್ಯ, ಕ್ಷೇಮ, ಸ್ಥೈರ್ಯ, ಧೈರ್ಯ, ವಿಜಯ, ಅಭಯ ಎಲ್ಲವನ್ನೂ ಅವನಿಗೂ ಕೇಳಿದರು. ನನ್ನ ಹೆಸರಿನ ಬೆನ್ನಿಗೇ ಅವನ ಹೆಸರು ಬಂದಿತ್ತು. ತೀರ್ಥ ತೆಗೆದುಕೊಳ್ಳುವಾಗ ನನ್ನ ಕೈ ನಡುಗುತ್ತಿತ್ತು.

ವಾಪಸ್ ಬರುವಾಗ ಕಾರಿನಲ್ಲಿ ಅವನು ಕಾಶ್ಯಪ ಯಾರು ಎಂದು ಕೇಳಿದ. ಕಶ್ಯಪ ಋಷಿಯ ಹೆಂಡತಿಯರಲ್ಲಿ ಅದಿತಿಗೆ ದೇವತೆಗಳು, ದಿತಿಗೆ ದೈತ್ಯರು, ಕದ್ರುವಿಗೆ ಹಾವುಗಳು, ವಿನತೆಗೆ ಗರುಡ ಹುಟ್ಟಿದ ಕಥೆಯನ್ನು ಅಜ್ಜಿ ಹೇಳಿದ ಹಾಗೇ ಹೇಳಿದೆ. ಎಲ್ಲ ಥರದವರಿಗೂ ತಂದೆ ಹಾಗಾದರೆ, ಎಂದ.

ಶಾಸ್ತ್ರ ಎಲ್ಲಕ್ಕೂ ಒಪ್ಪಿಗೆ ಕೊಟ್ಟಿದೆ ಎಂದು ನಾನು ವಾದಿಸುತ್ತಿಲ್ಲ. ಆ ದಿನ ನಮಗೆ ಒಬ್ಬೊಬ್ಬರಾಗಿ ಜಾಗ ಸಿಕ್ಕಿತು, ಇಬ್ಬರಾಗಿ ಸಿಗಲಿಲ್ಲ. ಅಪ್ಪನ ಸಂಕಲ್ಪದಲ್ಲಿ ‘ಧರ್ಮಪತ್ನೀಸಮೇತಸ್ಯ’ ಎಂದು ಬರುವ ಕಡೆ ನನ್ನ ಪಾಲಿಗೆ ಏನೂ ಬರುವುದಿಲ್ಲ, ಅದು ನನಗೆ ಗೊತ್ತಿದೆ. ಆದರೂ ಒಂದಂತೂ ಕಣ್ಣಿಗೆ ಕಂಡಿತು. ಸಮುದ್ರ ದಾಟಿದವನಿಗೆ, ಗೋತ್ರವಿಲ್ಲದವನಿಗೆ, ಬೇರೆ ಖಂಡಕ್ಕೆ, ಬೇರೆ ಧರ್ಮದವನಿಗೂ ದಾರಿ ಹುಡುಕಿದ್ದು ಪೂಜೆಯೇ. ಪುರೋಹಿತರು ಕೊಡಲು ಸಿದ್ಧರಿದ್ದ ಜಾಗವನ್ನು ಬೇಡ ಎಂದದ್ದು ನಮ್ಮ ಮನೆ.

ನಾಲ್ಕು ಜನ

“ನಾಲ್ಕು ಜನ ಏನಂದ್ಕೋತಾರೆ” ಎಂಬ ಮಾತನ್ನು ಕೇಳಿ ನನ್ನ ವಯಸ್ಸಿನವರು ಸಿಡಿಮಿಡಿಗೊಳ್ಳುತ್ತಾರೆ. ಆ ನಾಲ್ಕು ಜನರ ಹೆಸರು, ಮನೆ, ಅವರು ಮಾಡುವ ಬಿಸಿಬೇಳೆಬಾತಿನ ರುಚಿ ಎಲ್ಲ ನನಗೆ ಗೊತ್ತು. ಅದಕ್ಕೇ ನನಗೆ ಸಿಟ್ಟು ಮಾಡಿಕೊಳ್ಳುವುದು ಅಷ್ಟು ಸುಲಭವಲ್ಲ.

ಅಮ್ಮ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು, ಹಾಸನದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವಳು. ಎಚ್-4ರಲ್ಲಿ ಬಂದ ಹೆಂಡತಿಯರು ಇಲ್ಲಿ ಕೆಲಸ ಮಾಡುವಂತಿರಲಿಲ್ಲ. ಅವರಲ್ಲಿ ಕೆಲವರಿಗಾದರೂ ಅನುಮತಿ ಸಿಕ್ಕಿದ್ದು 2015ರಲ್ಲಿ. ಅಷ್ಟು ಹೊತ್ತಿಗೆ ನಮಗೆ ಗ್ರೀನ್ ಕಾರ್ಡ್ ಬಂದಿತ್ತು, ಅಮ್ಮ ಪಾಠ ಹೇಳುವ ಧೈರ್ಯ ಕಳೆದುಕೊಂಡಿದ್ದಳು. ಆ ವರ್ಷಗಳಲ್ಲಿ ಅಪ್ಪ ಆಫೀಸಿಗೆ, ನಾನು ಸ್ಕೂಲಿಗೆ, ಡ್ರೈವಿಂಗ್ ಬಾರದ ಅಮ್ಮ ಎರಡನೇ ಮಹಡಿಯ ಮನೆಯಲ್ಲಿ ಒಬ್ಬಳೇ. ಆಗ ಕೆಳಗಿನ ಮನೆಯ ಧಾರವಾಡದ ಆಂಟಿ ಅವಳನ್ನು ಕನ್ನಡ ಕೂಟಕ್ಕೆ ಕರೆದೊಯ್ದರು. ಯುಗಾದಿ ನಾಟಕಕ್ಕೆ ಸೀರೆ ಹೊಂದಿಸುವುದು, ರಾಜ್ಯೋತ್ಸವಕ್ಕೆ ನೂರಾರು ಜನರಿಗೆ ಪುಳಿಯೋಗರೆ ಗೊಜ್ಜು ಕುದಿಸುವುದು, ಭಾನುವಾರ ಮಕ್ಕಳಿಗೆ ಅ ಆ ಇ ಈ ಕಲಿಸುವುದು. ಪಾಠ ಹೇಳುತ್ತಿದ್ದವಳಿಗೆ ಮತ್ತೆ ಒಂದು ತರಗತಿ ಸಿಕ್ಕಿತು. ಅಪ್ಪನ ಕಂಪನಿ ಮುಚ್ಚಿ, ಹೊಸ ಸ್ಪಾನ್ಸರ್ ಸಿಗದೆ ದೇಶ ಬಿಡುವ ಹಾಗಾದಾಗ ರೆಸ್ಯೂಮೆಗಳನ್ನು ಕೈಯಿಂದ ಕೈಗೆ ದಾಟಿಸಿದವರು ಈ ಜನ. ಅಮ್ಮನಿಗೆ ಆಪರೇಷನ್ ಆದಾಗ ಸರದಿ ಹಾಕಿಕೊಂಡು ಅನ್ನ-ಸಾರು ತಂದವರು ಈ ಜನ. ಅಜ್ಜಿ ಹೋದ ಸುದ್ದಿ ಬಂದ ರಾತ್ರಿ ನಮ್ಮ ಮನೆಯ ಕಾರ್ಪೆಟ್ಟಿನ ಮೇಲೆ ಬೆಳಗಿನವರೆಗೆ ಕೂತವರೂ ಇವರೇ. ಊರಲ್ಲಿ ಅಣ್ಣ-ತಮ್ಮ, ಅತ್ತೆ-ಮಾವ ಇರುವ ಜಾಗದಲ್ಲಿ ಇಲ್ಲಿ ಅಮ್ಮನಿಗೆ ಈ ನಾಲ್ಕು ಜನ ಇದ್ದಾರೆ. ಊರಲ್ಲಾದರೆ ಒಬ್ಬ ಚಿಕ್ಕಪ್ಪ ಮುನಿಸಿಕೊಂಡರೆ ಇನ್ನೊಬ್ಬ ದೊಡ್ಡಮ್ಮ ಕೈ ಹಿಡಿಯುತ್ತಾಳೆ. ಇಲ್ಲಿ ಇವರನ್ನು ಕಳೆದುಕೊಂಡರೆ ಅವಳಿಗೆ ಮತ್ತೆ ಆ ಎರಡನೇ ಮಹಡಿಯೇ ಗತಿ. ಮಾನ ಹೋಗುತ್ತದೆ ಎಂದು ಅವಳು ಅನ್ನುವಾಗ ಅವಳು ಹೆದರುತ್ತಿರುವುದು ಇದಕ್ಕೆ.

ಡೇಲಿ ಸಿಟಿಯಲ್ಲಿ ಅವನ ಅಮ್ಮನದೂ ಇದೇ ಕಥೆ, ಕೂಟದ ಬದಲು ಚರ್ಚು. ನರ್ಸ್ ಆಗಿ ಬಂದು ರಾತ್ರಿ ಪಾಳಿ ಮಾಡಿದವರನ್ನು ಹಿಡಿದು ನಿಲ್ಲಿಸಿದ್ದು ಆ ಪ್ಯಾರಿಷ್ಷಿನ ಹೆಂಗಸರು. ಅವರ ಮನೆಯಲ್ಲಿ ನಾನು ಮಗನ ‘ಒಳ್ಳೇ ಸ್ನೇಹಿತ’.

ಈ ನಾಲ್ಕು ಜನ ನಿಜಕ್ಕೂ ಏನು ಅಂದುಕೊಳ್ಳುತ್ತಾರೆ ಎಂಬುದು ಮಾತ್ರ ಯಾರಿಗೂ ಗೊತ್ತಿಲ್ಲ, ಏಕೆಂದರೆ ಅವರನ್ನು ಯಾರೂ ಕೇಳಿಲ್ಲ. ಪ್ರತಿ ಮನೆಯೂ ಉಳಿದ ಮನೆಗಳಿಗೆ ಹೆದರಿಕೊಂಡಿದೆ. 2021ರ ನವೆಂಬರಿನಲ್ಲಿ ಮಂಜಮ್ಮ ಜೋಗತಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ತೆಗೆದುಕೊಳ್ಳುವಾಗ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದ ವಿಡಿಯೊ ನೆನಪಿದೆಯಲ್ಲ? ಅದನ್ನು ಕೂಟದ ವಾಟ್ಸ್ಯಾಪ್ ಗುಂಪಿಗೆ ಮೊದಲು ಹಾಕಿದವಳು ನಮ್ಮಮ್ಮ. ಕೈ ಮುಗಿದ ಚಿತ್ರಗಳ ಸಾಲೇ ಬಂತು. ಒಬ್ಬರು ‘ನಮ್ಮ ಹೆಮ್ಮೆ’ ಎಂದು ಬರೆದರು. ಮಂಜಮ್ಮನವರ ಬದುಕು ಬೇರೆ, ನನ್ನದು ಬೇರೆ. ಹೆಣ್ಣಾಗಿ ಬಾಳಬೇಕೆಂದು ಹೊರಟು ಮನೆ, ಊರು ಎಲ್ಲ ಕಳೆದುಕೊಂಡು ಹಾಡುತ್ತಾ ಕುಣಿಯುತ್ತಾ ಅಷ್ಟೆತ್ತರಕ್ಕೆ ಏರಿದ ಅವರ ಪಾಡಿನ ಪಕ್ಕ ನನ್ನ ಕಷ್ಟವನ್ನು ಇಡಲಾರೆ. ಆದರೆ ಆ ರಾತ್ರಿ ಅಮ್ಮ ಕಣ್ಣೊರೆಸಿಕೊಂಡು, “ಪಾಪ, ಚಿಕ್ಕೋರಿದ್ದಾಗ ಮನೇವ್ರು ಜೊತೇಲಿ ನಿಲ್ಲಬೇಕಿತ್ತು” ಎಂದಾಗ ನಾನು ಅವಳ ಮುಖವನ್ನೇ ನೋಡುತ್ತಾ ಕೂತೆ. ಅವಳೂ ನೋಡಿದಳು. ಇಬ್ಬರಿಗೂ ಅರ್ಥವಾಗಿತ್ತು.

ಈಗ

ಹೋದ ತಿಂಗಳು ನಾವಿಬ್ಬರೂ ಸ್ಯಾನ್ ಲಿಯಾಂಡ್ರೊದಲ್ಲಿ ಒಂದು ಸಣ್ಣ ಮನೆ ಕೊಂಡೆವು. ಗೃಹಪ್ರವೇಶ ಮಾಡಬೇಕು, ಮಣೆಯ ಮೇಲೆ ಅಪ್ಪ-ಅಮ್ಮನೇ ಕೂರಬೇಕು ಎಂದು ಕೇಳಿದ್ದೇನೆ. ಮನೆ ಪತ್ರದಲ್ಲಿ ಎರಡು ಹೆಸರಿದೆ, ಸಂಕಲ್ಪದಲ್ಲೂ ಎರಡೂ ಹೆಸರು ಬರಬೇಕು, ಬಂದವರಿಗೆ ಇವನು ನನಗೆ ಏನಾಗಬೇಕು ಎಂಬುದನ್ನು ಸುಳ್ಳಿಲ್ಲದೆ ಹೇಳಬೇಕು ಎಂದೂ ಹೇಳಿದ್ದೇನೆ. ರೂಮ್‌ಮೇಟ್ ಎಂದು ಅವನನ್ನು ಇನ್ನೊಂದು ಸಲ ಆ ಬಾಗಿಲಲ್ಲಿ ನಿಲ್ಲಿಸಲಿಕ್ಕೆ ನನ್ನಿಂದಾಗದು. ಅಪ್ಪ ಮುಹೂರ್ತ ನೋಡಿಸುತ್ತೇನೆ ಎಂದರು, ಉಳಿದ ಎರಡಕ್ಕೆ ಉತ್ತರ ಕೊಡಲಿಲ್ಲ. ಅಷ್ಟು ಹೇಳಿದ್ದೂ ಅವರ ಮಟ್ಟಿಗೆ ಸಣ್ಣದಲ್ಲ. ಹೊಸ ಮನೆಯ ವಾಟರ್ ಹೀಟರ್ ಹಳೆಯದು ಎಂದು ತಾವೇ ಬಂದು ನೋಡಿ, ಅವನ ಜೊತೆ ಅರ್ಧ ದಿನ ಗರಾಜಿನಲ್ಲಿ ಕೆಲಸ ಮಾಡಿ ಹೋದರು. ಇಬ್ಬರೂ ಪೈಪಿನ ಅಳತೆ ಬಿಟ್ಟು ಬೇರೇನೂ ಮಾತಾಡಲಿಲ್ಲವಂತೆ.

ಮೊನ್ನೆ ಅಮ್ಮ ಫೋನ್ ಮಾಡಿ, ಧಾರವಾಡದ ಆಂಟಿಗೆ ಹೇಳಿಬಿಟ್ಟೆ ಎಂದಳು. ನಾನು ಕೇಳಿಕೊಂಡಿರಲಿಲ್ಲ. ಕನ್ನಡ ತರಗತಿ ಮುಗಿದ ಮೇಲೆ ಕುರ್ಚಿ ಜೋಡಿಸಿಡುವಾಗ ಹೇಳಿದಳಂತೆ. ಆಂಟಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಎಷ್ಟು ವರ್ಷ ಆತು ನಿನಗ ಗೊತ್ತಾಗಿ?” ಎಂದು ಕೇಳಿದರಂತೆ. ಅಮ್ಮ ಹೇಳಿದಾಗ, “ಅಷ್ಟು ದಿವಸ ಒಬ್ಬಾಕೀನ ಇಟ್ಕೊಂಡಿದ್ದೇನು?” ಎಂದು ಬೈದರಂತೆ. ಒಪ್ಪಿದರೋ ಇಲ್ಲವೋ ಅಮ್ಮನಿಗೆ ತಿಳಿಯಲಿಲ್ಲ, ಮುಂದಿನ ಭಾನುವಾರದ ಪಾಠಕ್ಕೆ ಮಾತ್ರ ಎಂದಿನಂತೆ ಬಂದರಂತೆ. ಉಳಿದವರಿಗೂ ತಾನೇ ಹೇಳುವುದೋ, ಗೃಹಪ್ರವೇಶದ ದಿನ ಅವರಾಗಿಯೇ ತಿಳಿಯಲಿ ಎಂದು ಬಿಡುವುದೋ ಎಂದು ಅಮ್ಮ ನನ್ನನ್ನು ಕೇಳಿದಳು. ಕರೆಯುವ ಮೊದಲೇ ಹೇಳಿಬಿಡು ಅಮ್ಮ, ಬರಲು ಇಷ್ಟವಿಲ್ಲದವರು ಮನೆಯಲ್ಲೇ ಉಳಿಯಲಿ ಎಂದೆ. ಅಪ್ಪ ಇನ್ನೊಂದು ಫೋನಿನಿಂದ ಕೇಳಿಸಿಕೊಳ್ಳುತ್ತಿದ್ದರು ಅಂತ ಕಾಣುತ್ತದೆ. “ಹಾಗಾದ್ರೆ ಊಟಕ್ಕೆ ಎಷ್ಟು ಜನ ಅಂತ ಹೇಳ್ಲಿ ಕೇಟರಿಂಗಿನವರಿಗೆ?” ಎಂದರು.